ಮೂಲೆಹೊಳೆಯ ಆಚೆ ಲಿನಕ್ಸ್, ಈಚೆ ನುಡಿ

ಉಬುಂಟು ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್‌ನ ದೋಷಪಟ್ಟಿಯಲ್ಲಿ ಮೊದಲನೆಯದನ್ನು 2004ರ ಆಗಸ್ಟ್‌ನಲ್ಲಿ ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರೇ ಬರೆದರು: ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ ಎಂಬುದೇ ಆ ದೋಷ. 2013ರ ಮೇ ತಿಂಗಳಲ್ಲಿ ಅದು ಪರಿಹಾರವಾಯಿತೆಂದು ಮುಚ್ಚಿದರು. ಹಾಗೆಂದು ಉಬುಂಟು ಗೆದ್ದಿರಲಿಲ್ಲ, ಜನ ಫೋನುಗಳತ್ತ ಹೊರಳಿದ್ದರು. ಮುಕ್ತ ತಂತ್ರಾಂಶ ಸಾಮಾನ್ಯ ಬಳಕೆದಾರರ ಬೆನ್ನು ಹತ್ತಬೇಕೇ, ಬಲ್ಲವರಿಗೆ ಒದಗಿದರೆ ಸಾಕೇ ಎಂಬ ಜಗಳ ಮಾತ್ರ ಇನ್ನೂ ಹರಿದಿಲ್ಲ.

ಗುಂಡ್ಲುಪೇಟೆಯಿಂದ ನೋಡಿದರೆ ಈ ಜಗಳದಲ್ಲಿ ಏನೋ ಒಂದು ಕಾಣೆಯಾಗಿದೆ ಅನ್ನಿಸುತ್ತದೆ. ಇಲ್ಲಿಂದ ಸುಲ್ತಾನ್ ಬತ್ತೇರಿಯತ್ತ ಹೋಗುವ ರಸ್ತೆ ಬಂಡೀಪುರದ ಕಾಡು ಹಾದು, ಮೂಲೆಹೊಳೆ ದಾಟಿ ಮುತ್ತಂಗ ಸೇರುತ್ತದೆ. (2009ರಿಂದ ರಾತ್ರಿ 9ಕ್ಕೆ ಗೇಟು ಬೀಳುತ್ತದೆ, ಆ ಜಗಳ ಬೇರೆ.) ಆ ಕಡೆ ಕೇರಳ. ಅಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯೂ ಮೊದಲು ವಿಂಡೋಸನ್ನೇ ನೆಚ್ಚಿತ್ತು. ಶಿಕ್ಷಕರ ಸಂಘಟನೆ ಮತ್ತು ಮುಕ್ತ ತಂತ್ರಾಂಶದ ಕಾರ್ಯಕರ್ತರು ತಕರಾರೆತ್ತಿದರು. ಆ ದಶಕ ಮುಗಿಯುವ ಮುನ್ನ ಹತ್ತನೆಯ ತರಗತಿಯ ಐಟಿ ಪರೀಕ್ಷೆಯೇ ಲಿನಕ್ಸ್‌ಗೆ ಬಂತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಆ ಮಕ್ಕಳನ್ನು ಯಾರೂ ಬಳಕೆದಾರರೆಂದು ಓಲೈಸಲಿಲ್ಲ. ಮೇಷ್ಟರು, ಪುಸ್ತಕ, ಪರೀಕ್ಷೆ, ಮೂರೂ ಒಂದೇ ಕಡೆಗಿದ್ದವು.

ಈ ಕಡೆ ನಮ್ಮಲ್ಲಿಯೂ ಶಿಕ್ಷಕರಿಗೆ ಉಬುಂಟು ತರಬೇತಿ ನಡೆದದ್ದುಂಟು. ಆದರೆ ಕಚೇರಿಯ ಕನ್ನಡ ಬೇರೆಡೆ ನೆಲೆಯೂರಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ವಿಂಡೋಸ್‌ಗೆಂದೇ ಸಿದ್ಧವಾದ ತಂತ್ರಾಂಶ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ತುಸು ಬದಲಿಸಿ ಅಳವಡಿಸಿಕೊಂಡ ಅದು ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹಬ್ಬಿತು. ಇದರಲ್ಲಿ ದುರುದ್ದೇಶ ಹುಡುಕುವುದು ಅನ್ಯಾಯ. ಪರದೆಯ ಮೇಲೆ ಕನ್ನಡ ಮೂಡುವುದೇ ದೊಡ್ಡದಾಗಿದ್ದ ಕಾಲ ಅದು. ಆದರೆ ಹಳೆಯ ನುಡಿಯ ಫಾಂಟುಗಳು ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ಆ ಕಡತ ಕನ್ನಡವೇ ಅಲ್ಲ.

ಮಂಟೇಸ್ವಾಮಿ ಕಾವ್ಯದ ಬಗ್ಗೆ ಕೆಲಸ ಮಾಡುವ ನನಗೆ ಇದು ಬರೀ ತಂತ್ರಜ್ಞಾನದ ಮಾತಲ್ಲ. ನೀಲಗಾರರೊಬ್ಬರು ಹಾಡಿದ್ದನ್ನು ಯಾರೋ ಕೇಳಿ ಕೇಳಿ ಬರೆದು, ಚಾಮರಾಜನಗರದ ಅಂಗಡಿಯೊಂದರಲ್ಲಿ ನುಡಿಯಲ್ಲಿ ಟೈಪು ಮಾಡಿಸಿದ ಕಡತ ನನ್ನಲ್ಲಿದೆ. ನನ್ನ ಉಬುಂಟುವಿನಲ್ಲಿ ತೆರೆದರೆ ಸಾಲು ಸಾಲು ವಿಚಿತ್ರ ಚಿಹ್ನೆಗಳು. ಯೂನಿಕೋಡ್ ಪರಿವರ್ತಕಗಳಿವೆ. ಆದರೂ ಒತ್ತಕ್ಷರ ಎಲ್ಲಿ ಜಾರಿತು, ಈ ಸೀಮೆಯ ಆಡುಮಾತು ಎಲ್ಲಿ ನಿಜಕ್ಕೂ ಹಾಗೇ ಇದೆ ಎಂದು ಬಿಡಿಸಲು ಪದಪದವನ್ನೂ ಧ್ವನಿಮುದ್ರಣಕ್ಕೆ ಒಡ್ಡಬೇಕು. ಹಾಡಿದವರು ಈಗಿಲ್ಲ.

ಹಾಗಾಗಿ ಮುಕ್ತ ತಂತ್ರಾಂಶ ಸಾಮಾನ್ಯರ ಬಳಿಗೆ ಹೋಗಲೇಬೇಕು ಎನ್ನುವವರ ಕಡೆ ನಾನು. ಆದರೆ ವಿಂಡೋಸ್‌ನ ಮುಖವಾಡ ತೊಟ್ಟು ಗಿರಾಕಿ ಹಿಡಿಯುವುದರಿಂದ ಏನೂ ಆಗದು. ಹೋಗಬೇಕಾದದ್ದು ಟೈಪಿಸ್ಟಿನ ಬಳಿಗೆ. ಅದೇ ಅಂಗಡಿಯಲ್ಲಿ ಒಮ್ಮೆ ನನ್ನ ಲ್ಯಾಪ್‌ಟಾಪು ತೋರಿಸಿದೆ. ‘ನಮ್ ಕೀಬೋರ್ಡು ಇದ್ರಲ್ಲಿ ಬತ್ತದಾ?’ ಎಂದರು. ಕೆ.ಪಿ. ರಾವ್ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಅವರೇ ಒಂದು ಸಾಲು ಹೊಡೆದು ನೋಡಿ ತಲೆದೂಗಿದರು. ಆಮೇಲೆ ಹಿಂದಿನ ಕಪಾಟಿನತ್ತ ಕೈ ತೋರಿಸಿದರು. ಅದರ ತುಂಬ ಸಿ.ಡಿ.ಗಳು. ‘ಇವು ಓಪನ್ ಆಯ್ತವಾ?’