ನವಸಾರಿ ಕದನ

ನವಸಾರಿ ಕದನವು ಕ್ರಿ.ಶ. 738ರ ಸುಮಾರಿನಲ್ಲಿ ಬಾದಾಮಿ ಚಾಲುಕ್ಯರ ಲಾಟ ಶಾಖೆಯ ಅರಸ ಅವನಿಜನಾಶ್ರಯ ಪುಲಕೇಶಿಗೂ ಸಿಂಧ್‌ನ ಅರಬ್ ಸೈನ್ಯಕ್ಕೂ ಇಂದಿನ ಗುಜರಾತಿನ ನವಸಾರಿಯಲ್ಲಿ ನಡೆದ ಯುದ್ಧ. ಇದರಲ್ಲಿ ಪುಲಕೇಶಿಯು ಜಯ ಗಳಿಸಿದನು.

ಹಿನ್ನೆಲೆ

ಕ್ರಿ.ಶ. 712ರ ವೇಳೆಗೆ ಸಿಂಧ್ ಉಮಯ್ಯದ್ ಖಿಲಾಫತ್ತಿನ ವಶವಾಯಿತು. ಮುಂದೆ ಅಲ್ಲಿನ ಅಧಿಪತಿ ಜುನೈದನ ಪಡೆಗಳು ಭರೂಚ್, ಉಜ್ಜಯಿನಿಗಳವರೆಗೆ ದಾಳಿ ನಡೆಸಿದವು. ಲಾಟವು ಚಾಲುಕ್ಯ ಸಾಮ್ರಾಜ್ಯದ ಉತ್ತರದ ಗಡಿನಾಡಾಗಿದ್ದು, ಇಮ್ಮಡಿ ಪುಲಕೇಶಿಯ ಮಗ ಜಯಸಿಂಹವರ್ಮನ ವಂಶದವರು ಅದನ್ನು ಆಳುತ್ತಿದ್ದರು.

ಕದನ

ಈ ಯುದ್ಧದ ಮುಖ್ಯ ಆಧಾರ ಅವನಿಜನಾಶ್ರಯನ ನವಸಾರಿ ತಾಮ್ರಶಾಸನ (ಕಲಚುರಿ ಶಕ 490). ಅದರ ಪ್ರಕಾರ 'ತಾಜಿಕ' ಸೈನ್ಯವು ಸೈಂಧವ, ಕಚ್ಛೆಲ್ಲ, ಸೌರಾಷ್ಟ್ರ, ಚಾವೋಟಕ, ಮೌರ್ಯ ಹಾಗೂ ಗುರ್ಜರ ಅರಸರನ್ನು ಸೋಲಿಸಿತು. ಬಳಿಕ ದಕ್ಷಿಣಾಪಥವನ್ನು ಗೆಲ್ಲುವ ಉದ್ದೇಶದಿಂದ ಮೊದಲು ನವಸಾರಿಗೆ ಬಂದು ಪರಾಭವಗೊಂಡಿತು. ಸಂತುಷ್ಟನಾದ ಚಕ್ರವರ್ತಿ ಪುಲಕೇಶಿಗೆ 'ಅವನಿಜನಾಶ್ರಯ', 'ಅನಿವರ್ತಕನಿವರ್ತಯಿತೃ' (ಹಿಮ್ಮೆಟ್ಟದವರನ್ನು ಹಿಮ್ಮೆಟ್ಟಿಸಿದವನು) ಮೊದಲಾದ ಬಿರುದುಗಳನ್ನಿತ್ತನು. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ಇಮ್ಮಡಿ ವಿಕ್ರಮಾದಿತ್ಯ.

ಪರಿಣಾಮ

ಲಾಟವು ಚಾಲುಕ್ಯರಲ್ಲಿಯೇ ಉಳಿದು, ದಖ್ಖನಿನತ್ತ ಅರಬ್ಬರ ಮುನ್ನಡೆ ನಿಂತಿತು. ಆದರೆ ಚಾಲುಕ್ಯರ ಪ್ರಾಬಲ್ಯವನ್ನು 753ರ ಸುಮಾರಿಗೆ ಮುರಿದವನು ಅವರದೇ ಸಾಮಂತನಾಗಿದ್ದ ರಾಷ್ಟ್ರಕೂಟ ದಂತಿದುರ್ಗ. ಅರಬ್ಬರೊಡನೆ ರಾಷ್ಟ್ರಕೂಟರು ವ್ಯಾಪಾರದ ಸ್ನೇಹ ಬೆಳೆಸಿದರು. 851ರಲ್ಲಿ ರಚಿತವಾದ, ವರ್ತಕ ಸುಲೈಮಾನನ ಹೆಸರಿನ ಅರಬ್ಬಿ ವೃತ್ತಾಂತವು ರಾಷ್ಟ್ರಕೂಟ ಅರಸನನ್ನು 'ಬಲ್ಹಾರ' ಎಂದು ಕರೆದು, ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ.