ಕೋಲಾರಕ್ಕೆ ಹೋದ ಮೂರು ತಂತಿ

ವಿಜಯವಾಡದ ಬಾಡಿಗೆ ಮನೆಯಲ್ಲಿ ಸಿಂಗಲ್ ಫೇಸ್ ಇತ್ತು. ಕೆಲಸ ವಿಶಾಖಪಟ್ಟಣಕ್ಕೆ ಬದಲಾದಾಗ ಸಿಕ್ಕ ಮನೆಗೆ ತ್ರೀ ಫೇಸ್. ಓವನ್ ಇರುವ ಎಲೆಕ್ಟ್ರಿಕ್ ಕುಕ್ಕರ್ ಜೋಡಿಸಲು ಬಂದವನು, "ಎರಡು ಫೇಸಿಗೆ ಕೊಟ್ಟರೆ ಬೇಗ ಕಾಯುತ್ತೆ ಸಾರ್" ಅಂದ. ಕಾಯುವುದೇನೋ ನಿಜ. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸ್ ನಡುವೆ ಸುಮಾರು 400 ಇರುತ್ತದೆ; ಕಾಯಿಲ್ ಮೂರು ಪಟ್ಟು ಶಾಖ ಉಗುಳಿ ಸುಟ್ಟುಹೋಗುತ್ತದೆ. ಮಗಳು ಪಕ್ಕದಲ್ಲೇ ನಿಂತಿದ್ದಳು. ಬೇಡಪ್ಪಾ ಎಂದು ತಡೆದೆ.

ತ್ರೀ ಫೇಸ್ ಅಡುಗೆಮನೆಗೆಂದು ಹುಟ್ಟಿದ್ದಲ್ಲ. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 175 ಕಿ.ಮೀ. ದೂರ ಅದನ್ನು ಹರಿಸಿ ತೋರಿಸಿದರು. ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ವಿದ್ಯುತ್ ಹೋಯಿತು. ಮೈಸೂರು ಸಂಸ್ಥಾನದ ದೀಪಕ್ಕಿಂತ ಮೊದಲು ಬ್ರಿಟಿಷರ ಗಣಿ! ಬೆಂಗಳೂರಿಗೆ ಬೀದಿದೀಪ ಬಂದದ್ದು 1905ರಲ್ಲಿ. ನಾನಿರುವ ಈ ಕಡೆ ಮಾಚ್‌ಕುಂಡ್ ಜಲವಿದ್ಯುತ್ ಕೇಂದ್ರ ಶುರುವಾದದ್ದು 1955ರಲ್ಲಿ.

ಗಣಿಯ ಮೋಟಾರು ಮೂರೂ ಫೇಸಿನಿಂದ ಸಮನಾಗಿ ಎಳೆಯುತ್ತದೆ, ಅದಕ್ಕೆ ಮೂರು ತಂತಿ ಸಾಕು. ಮನೆಯಲ್ಲಿ ಹಾಗಲ್ಲ, ಒಂದು ಫೇಸಿನಲ್ಲಿ ಗೀಸರ್, ಇನ್ನೊಂದರಲ್ಲಿ ಬರೀ ಬಲ್ಬ್. ಆ ಏರುಪೇರನ್ನು ಹೊರುವುದು ನಾಲ್ಕನೆಯ ತಂತಿ, ನ್ಯೂಟ್ರಲ್. ಅದು ಸಡಿಲವಾದರೆ ಬಲ್ಬಿನ ಫೇಸಿಗೆ ವೋಲ್ಟೇಜ್ ಜಿಗಿಯುತ್ತದೆ.

ಲೈಸೆನ್ಸ್ ಇರುವ ಬೇರೊಬ್ಬರನ್ನು ಕರೆಸಿದೆ. ಕುಕ್ಕರಿನ ಹಿಂದಿನ ನಕ್ಷೆ ನೋಡಿ, ಒಲೆಗಳನ್ನು ಮೂರು ಫೇಸಿಗೆ ಹಂಚಿ, ಮೊದಲು ನ್ಯೂಟ್ರಲ್ ಬಿಗಿ ಮಾಡಿದರು. ಪ್ರತಿ ಒಲೆಗೂ ಮಲ್ಟಿಮೀಟರ್ ಹಿಡಿದು 230ರ ಆಸುಪಾಸು ತೋರಿಸಿದ ಮೇಲೆಯೇ ಹೆಂಡತಿ ಸಾರಿಗೆ ಬೇಳೆ ಇಟ್ಟಳು.