ಅಷ್ಟೂರ: ಲಾಯದ ಕುದುರೆ, ಕೊಟ್ಟಿಗೆಯ ಹಸು

ಬೀದರಿಗೆ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಆ ಅರಸರ ಬಲವೆಲ್ಲ ಅಶ್ವಸೇನೆಯಲ್ಲಿತ್ತು. ಉತ್ತಮ ಕುದುರೆಗಳಾದರೋ ಕಡಲು ದಾಟಿ ಬರಬೇಕಾಗಿತ್ತು. 15ನೆಯ ಶತಮಾನದಲ್ಲಿ ಕುದುರೆಯೊಂದನ್ನು ತಂದು ಬೀದರಿನಲ್ಲಿ ಮಾರಿದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಈ ನಾಡಿನಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಎತ್ತು–ಎಮ್ಮೆಗಳು ಹುಟ್ಟುತ್ತವೆ, ಸವಾರಿಗೂ ಹೇರಿಗೂ ಅವೇ ಆಧಾರವೆಂದು ದಾಖಲಿಸಿದ್ದಾನೆ. ಕುದುರೆಗಳಿಗೆ ಕಡಲೆಯನ್ನು ಮೇವಾಗಿ ಕೊಡುತ್ತಿದ್ದರೆಂದೂ ಅವನು ಹೇಳುತ್ತಾನೆ.

ಈ ಎರಡು ಮಾತುಗಳನ್ನು ಕೂಡಿಸಿ ಓದಬೇಕು. ಲಾಯದ ಕುದುರೆ ತಿಂದ ಕಡಲೆ ಬೆಳೆದುದು ಎತ್ತು ಉತ್ತ ನೆಲದಲ್ಲಿ. ಆ ಎತ್ತನ್ನು ಹೆತ್ತದ್ದು ರೈತನ ಕೊಟ್ಟಿಗೆಯ ಹಸು. ಚರಿತ್ರಕಾರರು ಕುದುರೆಗಳನ್ನು ಎಣಿಸಿದರು, ಹಸುವನ್ನು ಎಣಿಸಲಿಲ್ಲ. ಬಹಮನಿಯರ ಅಶ್ವಸೇನೆ ಅಳಿದಿದೆ. ಭಾಲ್ಕಿ, ಔರಾದಗಳ ಹೊಲಗಳಲ್ಲಿ ದೇವಣಿ ತಳಿಯ ದನಗಳು ಇಂದಿಗೂ ಉಳಿದಿವೆ.